ಹೆಸರಿನ ಕಪ್ಪು ಅಂಚು

“ಇಲ್ಲಿಂದ ನನ್ನ ಹೆಸರೇ ಕಾಣ್ತಿಲ್ಲ ಕಣೋ, ಎಬ್ಬೆ,” ಎಂದು ಸಿಸೆಲ್ ಬಾಗಿಲ ಬಳಿಯಿಂದಲೇ ಗಂಡನಿಗೆ ಹೇಳಿದಳು. ಪುರಸಭೆ ಚುನಾವಣೆಗೆ ನಿಂತಿದ್ದ ಅವಳಿಗಾಗಿ ಅವನು ಮಾಡಿದ ಪೋಸ್ಟರ್ ಕಂಪ್ಯೂಟರ್ ಪರದೆಯ ಮೇಲಿತ್ತು. ನಾಳೆ ಅದು ಸ್ವೆನ್‌ಬೋರ್ಗ್ ಊರಿನ ದೀಪದ ಕಂಬಗಳನ್ನೆಲ್ಲ ಏರಬೇಕು. ಬಿಳಿ ಮೋಡದ ಮೇಲೆ ಬಿಳಿ ಅಕ್ಷರ. “ಅಕ್ಷರದ ಸುತ್ತ ಒಂದು ಕಪ್ಪು ಅಂಚು ಕೊಡೋಕೆ ನಿಂಗೇನು ಕಷ್ಟ?”

“ಮೀನಂಗಡಿ ಬೋರ್ಡ್ ಥರ ಕಾಣತ್ತೆ ಮಾರಾಯ್ತಿ,” ಎಂದು ಎಬ್ಬೆ ಕಾಫಿ ತರಲು ಎದ್ದುಹೋದ.

ಮೀನಂಗಡಿಯ ಬೋರ್ಡು ಮಾಡಿದವನೂ ಅವನೇ. ಅದನ್ನು ಬಂದರಿನ ಆಚೆ ದಡದಿಂದಲೂ ಓದಬಹುದಿತ್ತು. ಸಿಸೆಲ್ ಅವನ ಕುರ್ಚಿಯಲ್ಲಿ ಕುಳಿತು, ಅಂಚು ಹಾಕುವುದು ಎಲ್ಲಿ ಎಂದು ಹುಡುಕಿದಳು. ಅವಳ ಹೆಸರಿಗೆ ಅಂಚು ಆಗಲೇ ಇತ್ತು. ಪಕ್ಕದ ಪುಟ್ಟ ಕಣ್ಣಿನ ಗುರುತನ್ನು ಒತ್ತಿ ಅದನ್ನು ಕಾಣದಂತೆ ಮಾಡಲಾಗಿತ್ತು. ಅವಳು ಅದನ್ನೇ ಮತ್ತೆ ಒತ್ತಿದಳು. ಹೆಸರು ಮೋಡ ಸೀಳಿಕೊಂಡು ಎದ್ದು ಬಂತು.

ಕಾಫಿ ಹಿಡಿದು ಬಂದ ಎಬ್ಬೆ ಅದನ್ನು ನೋಡಿ ಬಾಗಿಲಲ್ಲೇ ನಿಂತ.

“ಹಾಕಿದ್ದನ್ನ ಯಾಕೆ ಮರೆಮಾಡಿದೆ?”

ಅವನು ಕಾಫಿ ಕಪ್ಪಿನೊಳಗೆ ನೋಡುತ್ತ ಹೇಳಿದ: “ಹಾಕಿ ನೋಡಿದೆ. ಗೆದ್ದೇಬಿಡ್ತೀಯ ಅನ್ನಿಸ್ತು.”

ಸಿಸೆಲ್ ತಿರುಗಿ ನೋಡಲಿಲ್ಲ. ಅಂಚನ್ನು ಇನ್ನಷ್ಟು ದಪ್ಪ ಮಾಡಿದಳು.