ಒಂದು ಗುಳಿ ಹೆಪ್ಪು

ಧನುಶ್ರೀ ಮೊಸರಿನ ಗಡಿಗೆಗೆ ಸೌಟು ಹಾಕಿದ್ದನ್ನು ಅಜ್ಜಿ ಮುದ್ದಮ್ಮ ಹಿತ್ತಲ ಬಾಗಿಲಿನಿಂದಲೇ ಕಂಡಳು. ಹುಡುಗಿ ಹೊರಗಾಗಿ ಅಂದಿಗೆ ಎರಡನೇ ದಿನ. ಹೊರಗಾದವರು ಈ ಮನೆಯಲ್ಲಿ ಒಲೆ ಮುಟ್ಟಿದರೂ ನಡೆದೀತು, ಮೊಸರಿನ ಗಡಿಗೆ ಮಾತ್ರ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೊಸರು ಲೋಳೆಯಾಗುತ್ತದೆ, ಆಮೇಲೆ ಆ ಮನೆಯಲ್ಲಿ ಹೆಪ್ಪೇ ನಿಲ್ಲುವುದಿಲ್ಲ ಎಂಬುದು ಮುದ್ದಮ್ಮನ ಕಾನೂನು.

"ಲೇ ಧನು, ಸೌಟು ಮಡಗು. ಒರಗಾಗಿದ್ದೀಯ, ಮರ್ತ್ಬುಟ್ಟ್ಯಾ?"

"ಮರ್ತಿಲ್ಲ ಕಣಜ್ಜಿ. ಗೊತ್ತಿದ್ದೇ ಮುಟ್ಟಿದ್ದು."

ಬೇಸಿಗೆ ರಜೆ ಬಂತೆಂದರೆ ಮೊಸರು ಐಸ್ ಮಾಡುವುದು ಧನುಶ್ರೀಯ ಕೆಲಸ. ಮೈನೆರೆದ ಮಾತ್ರಕ್ಕೆ ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಇವತ್ತು ಸೌಟು ಕೆಳಗಿಟ್ಟರೆ ಇನ್ನು ತಿಂಗಳು ತಿಂಗಳೂ ಇಡಬೇಕಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅಜ್ಜಿಯ ಕಣ್ಣೆದುರಿಗೇ ಮೊಸರನ್ನು ಬಿಳಿ ಬಟ್ಟೆಗೆ ಸುರಿದು ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದಳು.

ಮುದ್ದಮ್ಮ ದುರದುರನೆ ಒಳಗೆ ಬಂದಳು. ಗಡಿಗೆ ಎತ್ತಿಕೊಂಡು ಹೋಗಿ ಉಳಿದ ಮೊಸರನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದು, ಗಡಿಗೆಯನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದಳು. ಮದುವೆಯಾಗಿ ಬರುವಾಗ ತವರು ದೊಡ್ಡಗದ್ದವಳ್ಳಿಯಿಂದ ಗಿಂಡಿಯಲ್ಲಿ ತಂದ ಹೆಪ್ಪು ಅದು. ಅಂದಿನಿಂದ ಒಂದು ದಿನವೂ ತಪ್ಪದೆ ಇವತ್ತಿನ ಮೊಸರಿನಿಂದ ನಾಳೆಯ ಹಾಲಿಗೆ ಬೀಳುತ್ತ ಬಂದಿತ್ತು. ಸಿಟ್ಟಿನ ಕೈಯಲ್ಲಿ ಆಕೆಗೆ ಅದೂ ನೆನಪಾಗಲಿಲ್ಲ.

ನೀರೆಲ್ಲ ಸೋರಿದ ಮೇಲೆ ಧನುಶ್ರೀ ಗಂಟು ಬಿಚ್ಚಿದಳು. ಮೊದಲು ಇಡ್ಲಿ ತಟ್ಟೆಯ ಒಂದು ಗುಳಿಗೆ ಸಪ್ಪೆ ಮೊಸರನ್ನೇ ತುಂಬಿದಳು. ಅದು ಅಮ್ಮ ಶಾಂತಿಗೆ. ಅವಳಿಗೆ ಸಕ್ಕರೆ ಕಾಯಿಲೆ, ಸಿಹಿ ಕೂಡದು. ಮಿಕ್ಕ ಮೊಸರಿಗೆ ಬೆಲ್ಲದ ಪುಡಿ, ಒಂದಿಷ್ಟು ಏಲಕ್ಕಿ, ಎರಡು ರಸಪುರಿ ಮಾವಿನ ಹಣ್ಣಿನ ರಸ ಹಿಂಡಿ ಕಲಸಿ ಉಳಿದ ಗುಳಿಗಳಿಗೆ ಹಾಕಿದಳು. ಬೆಂಕಿ ಬೇಡ, ಬೇಯಿಸುವುದು ಬೇಡ. ತಟ್ಟೆಯನ್ನು ಫ್ರೀಜರಿಗೆ ತಳ್ಳಿ ಬಾಗಿಲು ಹಾಕಿದರೆ ಮುಗಿಯಿತು.

"ತಿನ್ನೋಳು ನೀನೊಬ್ಳೇ ಕಣ. ನಾನಂತೂ ಮೂಸಕಿಲ್ಲ" ಎಂದಳು ಮುದ್ದಮ್ಮ.

"ಗೌಡ್ರ ಮನೇಲಿ ನಿನ್ ಬೊಗಸೆಗೆ ಮ್ಯಾಲಿಂದ ಮಜ್ಜಿಗೆ ಉಯ್ತಿದ್ರು ಅಂತಿದ್ದೆಯಲ್ಲಜ್ಜಿ. ಒಂದಿನ ಏನ್ಮಾಡ್ದೆ ನೀನು?"

"ಅದ್ಯಾಕೀಗ?"

"ಯೋಳು."

"ಬೊಗಸೆ ಬಿಚ್ಬುಟ್ಟೆ. ಅವ್ರ ಬಾಗ್ಲಲ್ಲೇ ಚೆಲ್ತು."

"ಮುಟ್ಬಾರ್ದು ಅಂದೋರ ಮಜ್ಜಿಗೆ ನಂಗ್ಬ್ಯಾಡ ಅಂತ ಬಂದೆ. ಅದನ್ನ ಕೇಳ್ಕಂಡೇ ಬೆಳ್ದೋಳು ನಾನು. ಈಗ ನೀನೇ ನಂಗೆ ಮುಟ್ಬ್ಯಾಡ ಅಂತೀಯ."

"ಅದೇ ಬ್ಯಾರೆ, ಇದೇ ಬ್ಯಾರೆ."

"ಏನ್ ಬ್ಯಾರೆ?"

ಮುದ್ದಮ್ಮ ಸೆರಗು ಕೊಡವಿಕೊಂಡು ಎದ್ದುಹೋಗಿ ಜಗುಲಿಯ ಮೇಲೆ ಕೂತಳು. ಮಧ್ಯಾಹ್ನದ ಊಟಕ್ಕೂ ಒಳಗೆ ಬರಲಿಲ್ಲ.

ಸಂಜೆ ದೀಪ ಹಚ್ಚಿ, ಕಾಯಿಸಿದ ಹಾಲು ಉಗುರು ಬೆಚ್ಚಗಾದ ಮೇಲೆ ಗಡಿಗೆಗೆ ಸುರಿದು, ಅಭ್ಯಾಸಬಲದಿಂದ ಹೆಪ್ಪಿಗೆ ಕೈ ಚಾಚಿದಾಗ ಆಕೆಗೆ ನೆನಪಾಯಿತು. ಹೆಪ್ಪು ಕರಿಬೇವಿನ ಬುಡದಲ್ಲಿ ಒಣಗಿ ಹೋಗಿತ್ತು. ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಿದರೆ ಬೈರಯ್ಯನ ಹೆಂಡತಿ ಬಾಗಿಲಲ್ಲೇ ನಕ್ಕಳು.

"ಶುಕ್ರವಾರ ದೀಪ ಅಚ್ಚಿದ್ ಮ್ಯಾಲೆ ಹೆಪ್ಪು ಕೊಡ್ಬಾರ್ದು ಅಂತ ಬೀದಿಗೆಲ್ಲ ಯೋಳ್ಕೊಟ್ಟೋಳು ನೀನೇ ಅಲ್ವಾ ದೊಡ್ಡವ್ವ? ಬೆಳಿಗ್ಗೆ ಬಾ, ಕೊಡ್ತೀನಿ."

ಬೆಳಿಗ್ಗೆ ಸಿಗುವುದು ಬೈರಯ್ಯನ ಮನೆಯ ಹೆಪ್ಪು, ದೊಡ್ಡಗದ್ದವಳ್ಳಿಯದಲ್ಲ. ಮುದ್ದಮ್ಮ ಖಾಲಿ ಬಟ್ಟಲು ಹಿಡಿದು ವಾಪಸು ಬಂದಳು. ಧನುಶ್ರೀ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹಳದಿ ಐಸನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದಳು. ಅಜ್ಜಿ ಬಂದಳೆಂದು ಅವಳೇನೂ ಪಕ್ಕಕ್ಕೆ ಸರಿಯಲಿಲ್ಲ.

"ಬೆಳ್ಳಗಿರೋದು ಒಂದಿತ್ತಲ್ಲ, ತಿಂದ್ಬುಟ್ಟ್ಯಾ?"

"ಅದು ಅವ್ವಂದು. ಡ್ಯೂಟಿ ಮುಗಿಸ್ಕಂಡು ಬಂದು ತಿಂತಾಳೆ."

"ನಮ್ ಗಡಿಗೇದೇ ಅಲ್ವೇನವ್ವಾ ಅದು."

"ಊಂ. ನೀನು ಚೆಲ್ಲಿದ್ದೂ ಅದೇ."

ಮುದ್ದಮ್ಮನಿಗೆ ಕೇಳಲು ನಾಚಿಕೆ, ಕೇಳದೆ ಇರಲು ಸಂಕಟ. ಕೊನೆಗೆ ಗೋಡೆಯ ಕಡೆ ನೋಡುತ್ತ, "ಒಂಚೂರು ಕೊಡು" ಎಂದಳು.

ಧನುಶ್ರೀ ಎದ್ದು ಫ್ರೀಜರಿನಿಂದ ತಟ್ಟೆ ತೆಗೆದು, ಬಿಳಿ ಗುಳಿಯ ಅಂಚಿನಿಂದ ಒಂದು ಚೂರು ಮುರಿದು ಅಂಗೈಯಲ್ಲಿ ಇಟ್ಟುಕೊಂಡಳು. ಅಜ್ಜಿ ಬಟ್ಟಲು ಮುಂದಕ್ಕೆ ಹಿಡಿದಳು. ಹುಡುಗಿ ತಲೆಯಾಡಿಸಿದಳು.

"ಬಟ್ಲಿಗೆ ಕೊಡಕಿಲ್ಲ. ಗಡಿಗೆ ತಕಂಬಾ, ನಾನೇ ಆಕ್ತೀನಿ."

ಮುದ್ದಮ್ಮ ಒಳಗೆ ಹೋಗಿ ಹಾಲಿನ ಗಡಿಗೆ ಎತ್ತಿಕೊಂಡು ಬಂದಳು. ಧನುಶ್ರೀ ಹೆಪ್ಪು ಹಿಡಿದ ಕೈಯನ್ನು ಅಜ್ಜಿಯ ತಲೆಗಿಂತಲೂ ಮೇಲಕ್ಕೆ ಎತ್ತಿದಳು. ಚೂರು ಕರಗಿ ಮುಂಗೈ ಮೇಲೆ ಇಳಿಯುತ್ತಿತ್ತು.

"ಮ್ಯಾಲಿಂದ ಆಕ್ಲಾ ಅಜ್ಜಿ, ಗಡಿಗೆ ಮುಟ್ಟಿ ಆಕ್ಲಾ? ನೀನೇ ಯೋಳು."

ಮುದ್ದಮ್ಮ ಗಡಿಗೆಯನ್ನು ಸೊಂಟಕ್ಕೆ ಆನಿಸಿಕೊಂಡಳು. ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಕ್ಕೆ ಎಳೆದು, ಮೊಮ್ಮಗಳ ಬೆರಳು ಹಾಲಿನಲ್ಲಿ ಮುಳುಗುವವರೆಗೂ ಬಿಡಲಿಲ್ಲ.