ಅಮ್ಮ ಕೊಟ್ಟ ಮೆಷಿನ್ನು

ಅಮ್ಮ ಕೊಟ್ಟ ಹಳೆಯ ಹೊಲಿಗೆ ಮೆಷಿನ್ನು ಮನೆಯ ಬಟ್ಟೆ ಹೊಲಿಯುತ್ತಿದ್ದಷ್ಟು ಕಾಲ ಚೆನ್ನಾಗಿಯೇ ಓಡಿತು. ಅಕ್ಕಪಕ್ಕದವರ ರವಿಕೆ ಹೊಲಿಯಲು ಒಪ್ಪಿಕೊಂಡ ಮೇಲೆ ಕೆಟ್ಟಿತು. ಹೊಲಿಯಲು ಕೂತರೆ ದಾರ ಬಟ್ಟೆಯ ಮೇಲೆ ಕುಣಿಕೆ ಕುಣಿಕೆಯಾಗಿ ಏಳುತ್ತಿತ್ತು. ಸೂಜಿ ಬದಲಿಸಿದೆ, ಎಣ್ಣೆ ಬಿಟ್ಟೆ, ಬಾಬಿನ್‌ಗೆ ಹೊಸ ದಾರ ಸುತ್ತಿದೆ. ಏನೂ ಪ್ರಯೋಜನವಾಗಲಿಲ್ಲ.

“ಒಂದ್ಸಲ ನೋಡ್ತೀರಾ?” ಎಂದು ಗಂಡನನ್ನು ಕೇಳಿದೆ.

“ನಂಗೇನೇ ಗೊತ್ತು? ಅದರಲ್ಲಿ ಬಾಬಿನ್ ಎಲ್ಲಿರುತ್ತೆ ಅಂತಲೂ ತಿಳೀದು. ಮನೇಲಿ ಆರಾಮಾಗಿರು, ನಿಂಗ್ಯಾರು ಹೊಲಿ ಅಂದ್ರು?”

“ನಂಬಿ ಬಟ್ಟೆ ಕೊಟ್ಟಿದಾರೆ.”

“ಹಾಳು ಮಾಡಿಸ್ಕೊಳ್ಳೋಕಾ?”

ಅವರು ಅಂದಂತೆಯೇ ಒಂದು ರೇಷ್ಮೆ ರವಿಕೆ ಹಾಳಾಯಿತು. ಉಳಿದ ಬಟ್ಟೆಗಳನ್ನು ಕತ್ತರಿ ಹಾಕದೆ ಹಿಂದಿರುಗಿಸಿ ಬಂದೆ. ಆಮೇಲೆ ಯಾರೂ ಬಟ್ಟೆ ತರಲಿಲ್ಲ. ಮೆಷಿನ್ನು ಮಾರಿಬಿಡೋಣವೆಂದು ನಮ್ಮವರೇ ಒಬ್ಬನನ್ನು ಕರೆತಂದರು.

“ಓಡುತ್ತಾ ಸಾರ್?” ಎಂದು ಬಂದವನು ಕೇಳಿದ.

“ಓಡದೇ ಏನು?” ಎಂದವರೇ ಗಂಡ ಸ್ಟೂಲೆಳೆದು ಕೂತು, ಬಾಬಿನ್ ಕೇಸನ್ನು ಹೊರತೆಗೆದು, ಅದರ ಎಳ್ಳಿನಷ್ಟು ಸ್ಕ್ರೂವನ್ನು ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿಮಾಡಿ, ಚಿಂದಿಯೊಂದರ ಮೇಲೆ ಗೆರೆ ಎಳೆದಂತೆ ಹೊಲಿದು ತೋರಿಸಿದರು.