ಇಬ್ಬರಿಗೂ ಏಳೇ

ಮದುವೆಯ ಪ್ರಮಾಣಪತ್ರ ಅರ್ಧಕ್ಕೆ ನಿಂತಿತು. ವಧುವಿನ ಹೆಸರು ಅಚ್ಚಾಗಿತ್ತು. ವರನದು ಪ್ರಿಂಟರಿನ ಹೊಟ್ಟೆಯಲ್ಲೇ ಉಳಿಯಿತು. ಅದೇ ಗಳಿಗೆಗೆ ಕಂಪ್ಯೂಟರಿನಿಂದ ಬರುತ್ತಿದ್ದ ಮಂಗಳವಾದ್ಯವೂ ಬಿಕ್ಕಳಿಸಿ ಒಂದೇ ಸ್ವರಕ್ಕೆ ಅಂಟಿಕೊಂಡಿತು. ವರನ ಅಜ್ಜಿ ಶಾಲು ಬಿಗಿದುಕೊಂಡು, ಇದು ಒಳ್ಳೆಯ ಶಕುನವಲ್ಲ, ಮನೆಗೆ ನಡೆಯಿರಿ ಎಂದರು. ವಧು ಕುರ್ಚಿ ಬಿಟ್ಟೇಳಲಿಲ್ಲ.

ಇಸಿಕ್-ಕುಲ್ ಸರೋವರದಂಚಿನ ಆ ನೋಂದಣಿ ಕಚೇರಿಯಲ್ಲಿ ಮೂರು ತಿಂಗಳಿಂದ ಇದೇ ಪಾಡು. ಅಧಿಕಾರಿ ತುರ್ಸುನಾಯ್ ಪ್ರಕಾರ ಇದು ಸಂಗೀತ ನೋಡಿಕೊಳ್ಳುವ ವೆನೆರಾಳ ಕಿತಾಪತಿ. ವೆನೆರಾ ಹೇಳುವಂತೆ, ತನ್ನ ವಾದ್ಯ ಸಹಿಸದ ತುರ್ಸುನಾಯ್ ಬೇಕೆಂದೇ ಅದೇ ಹೊತ್ತಿಗೆ ಮುದ್ರಣದ ಗುಂಡಿ ಒತ್ತುತ್ತಾಳೆ. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಇಬ್ಬರೂ ಮಾತು ಬಿಟ್ಟಿದ್ದರು.

ರಿಪೇರಿಯ ಎರ್ಮೆಕ್ ಓಡಿಬಂದ. ಪೆಟ್ಟಿಗೆ ಬಿಚ್ಚಿ ಒಳಗೆ ಇಣುಕಿದ. ಕಂಪ್ಯೂಟರಿನೊಳಗೆ ಒಂದೊಂದು ಸಾಧನಕ್ಕೂ ಕರೆಗಂಟೆಯಂತೆ ಒಂದೊಂದು ಸಂಖ್ಯೆ. ಕರೆದವರು ಯಾರೆಂದು ಯಂತ್ರಕ್ಕೆ ಗೊತ್ತಾಗುವುದು ಅದರಿಂದಲೇ. ಪ್ರಿಂಟರಿನದು ಏಳು. ಸೌಂಡ್ ಕಾರ್ಡಿನದೂ ಏಳು. ಯಾರಿಗೆ ಓಗೊಡಬೇಕೆಂದು ತಿಳಿಯದೆ ಯಂತ್ರ ಇಬ್ಬರನ್ನೂ ಕೈಬಿಡುತ್ತಿತ್ತು. ಮೂರು ತಿಂಗಳ ಹಿಂದೆ ಆ ಕಾರ್ಡ್ ಕೂರಿಸಿ, ಸಂಖ್ಯೆ ನೋಡದೆ ಚಹಾಕ್ಕೆ ಎದ್ದು ಹೋದವನು ಇದೇ ಎರ್ಮೆಕ್.

"ಏನ್ ಮಾಡಿಟ್ಟಿದ್ದಾಳೆ ಅವಳು?" ತುರ್ಸುನಾಯ್ ಕಿವಿಯ ಬಳಿ ಬಗ್ಗಿ ಕೇಳಿದಳು.

ಅವನು ಕಾರ್ಡಿನ ಮೇಲಿದ್ದ ಸಾಸಿವೆಯಷ್ಟು ಕ್ಲಿಪ್ಪನ್ನು ಏಳರಿಂದ ಕಿತ್ತು ಐದಕ್ಕೆ ಸಿಕ್ಕಿಸಿದ. ಪರದೆಯಲ್ಲೂ ಐದೆಂದೇ ಬರೆದು ಯಂತ್ರವನ್ನು ಮತ್ತೆ ಶುರು ಮಾಡಿದ. ವಾದ್ಯ ಮೊಳಗಿತು. ಪ್ರಿಂಟರ್ ಕರಕರ ಎನ್ನುತ್ತ ಹೊಸ ಹಾಳೆಯ ಮೇಲೆ ಇಬ್ಬರ ಹೆಸರನ್ನೂ ಹೆತ್ತಿತು. ಅಜ್ಜಿ ಕಣ್ಣೊರೆಸಿಕೊಂಡು, ಚೀಲದಿಂದ ಮಿಠಾಯಿ ತೆಗೆದು ನೆರೆದವರ ತಲೆಯ ಮೇಲೆಲ್ಲ ಎರಚಿದರು.

ದಿಬ್ಬಣ ಹೊರಟ ಮೇಲೆ ತುರ್ಸುನಾಯ್ ಬೆಳಿಗ್ಗೆ ಮನೆಯಲ್ಲಿ ಕರಿದು ತಂದಿದ್ದ ಬೊರ್ಸೋಕ್ ಎಂಬ ಹಿಟ್ಟಿನುಂಡೆಗಳ ಪೊಟ್ಟಣವನ್ನು ಅವನ ಕೈಗಿಟ್ಟಳು. ಎರ್ಮೆಕನಿಗೆ ಮನಸ್ಸು ತಡೆಯಲಿಲ್ಲ.

"ಅಕ್ಕ, ವೆನೆರಾ ಏನೂ ಮಾಡಿಲ್ಲ. ತಪ್ಪು ನಂದೇ. ಕಾರ್ಡ್ ಹಾಕುವಾಗ ನಾನೇ ಸರಿಯಾಗಿ ನೋಡ್ಲಿಲ್ಲ."

ತುರ್ಸುನಾಯ್ ಅವನ ಬೆನ್ನು ತಟ್ಟಿದಳು. "ಒಳ್ಳೇ ಮನಸ್ಸು ಕಣಪ್ಪ ನಿಂದು. ಆದ್ರೆ ಅವಳನ್ನ ಉಳಿಸೋಕೆ ಹೋಗಿ ನಿನ್ನ ತಲೆ ಮೇಲೆ ಎಳ್ಕೋಬೇಡ."

ಅವನು ಮೇಜಿನ ಇನ್ನೊಂದು ತುದಿಗೆ ಹೋಗಿ ವೆನೆರಾಳಿಗೂ ಅದನ್ನೇ ಹೇಳಿದ: ತಪ್ಪು ತುರ್ಸುನಾಯ್ ಅವರದಲ್ಲ, ತನ್ನದು. ಅವಳು ಪೂರ್ತಿ ಕೇಳಿಸಿಕೊಂಡು, ಅವನ ಕೈಯಲ್ಲಿದ್ದ ಪೊಟ್ಟಣದ ಮೇಲೆ ಕಣ್ಣಾಡಿಸಿದಳು.

"ಹೀಗೆ ಹೇಳು ಅಂತ ಎಷ್ಟು ಬೊರ್ಸೋಕ್ ಕೊಟ್ಟಳು?"